ಹಂಪಿ ಸೀಮೆಯ ಬಿಳಿ ವೈನ್

ತುಂಗಭದ್ರೆಯ ಎರಡೂ ದಂಡೆಗಳ ಬಂಡೆಗಾಡಿಗೆ ಹಂಪಿಯ ಹೆಸರು ಅಂಟಿಕೊಂಡಿದೆ. ಇಂದು ಬಿಳಿ ವೈನ್ ಕೂಡ ಆ ಹೆಸರಿನಲ್ಲಿ ಮಾರಾಟವಾಗುತ್ತದೆ. ಹೆಸರು ಹಳೆಯದೆಂದು ಈ ವೈನನ್ನೂ ವಿಜಯನಗರದ ಅರಸರ ಕಾಲಕ್ಕೆ ಒಯ್ಯುವ ಆಸೆ ಸಹಜ. ಅದಕ್ಕೆ ಆಧಾರವಾಗಬಲ್ಲ ಮಾತೊಂದಿದೆ. 1520ರ ಸುಮಾರಿಗೆ ಕೃಷ್ಣದೇವರಾಯನ ರಾಜಧಾನಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿನ ತೋಟಗಳಲ್ಲಿ ಮಾವು, ಅಡಿಕೆ, ಹಲಸು, ನಿಂಬೆ, ಕಿತ್ತಳೆಗಳ ಜೊತೆ ಬಿಳಿ ದ್ರಾಕ್ಷಿಯನ್ನೂ ಕಂಡುದಾಗಿ ಬರೆದಿದ್ದಾನೆ. ಆದರೆ ಅವನು ಕಂಡದ್ದು ಹಣ್ಣನ್ನು. ಹಣ್ಣು ಬೆಳೆದಲ್ಲೆಲ್ಲ ವೈನ್ ಆಗುತ್ತಿತ್ತು ಎನ್ನಲಾಗದು. ಆಯುರ್ವೇದದ ದ್ರಾಕ್ಷಾಸವವನ್ನು ಮುಂದೊಡ್ಡಿದರೂ ವಾದ ನಿಲ್ಲುವುದಿಲ್ಲ, ಅದು ಔಷಧ, ಊಟದ ಜೊತೆಗಿನ ಪಾನೀಯವಲ್ಲ. ಪಾಯೆಸನ ಮಾತಿನಿಂದ ಸಿದ್ಧವಾಗುವುದು ಇಷ್ಟೇ, ಆದರೆ ಇದು ಸಣ್ಣ ಸಂಗತಿಯಲ್ಲ: ನೀರು ಸಿಕ್ಕರೆ ಈ ಬಿಸಿಲಿನಲ್ಲೂ ದ್ರಾಕ್ಷಿ ಬರುತ್ತದೆ. ಮಲಪನಗುಡಿ, ಕಮಲಾಪುರದ ಸುತ್ತಲಿನ ಬಾಳೆ, ಕಬ್ಬು ಈಗಲೂ ವಿಜಯನಗರ ಕಾಲದ ಕಾಲುವೆಗಳನ್ನು ನೆಚ್ಚಿವೆ. ವೈನ್ ದ್ರಾಕ್ಷಿಗಾದರೋ ಇಂಥ ತೇವದ ಭೂಮಿ ಒಗ್ಗದು. ನೀರು ಬಸಿದುಹೋಗುವ ಕೆಂಪು ಮಣ್ಣಿನ ಇಳಿಜಾರು, ಹನಿ ನೀರಾವರಿ ಬೇಕು.

ಹಾಗಾಗಿ ಇದರ ನಿಜವಾದ ಚರಿತ್ರೆ ನಮ್ಮ ಕಾಲದ್ದು. 1988ರಲ್ಲಿ ಕನ್ವಲ್ ಗ್ರೋವರ್ ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ಬುಡದಲ್ಲಿ ಫ್ರೆಂಚ್ ತಳಿಗಳನ್ನು ನೆಲೆಗೊಳಿಸಿದರು. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಿತು. ಅದೇ ದಶಕದ ಕೊನೆಗೆ ಹೊಳೆಯಾಚೆಯ ಕೊಪ್ಪಳ ಜಿಲ್ಲೆಯಲ್ಲಿ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿಯ ಕ್ರಿಸ್ಮಾ ಎಸ್ಟೇಟ್ಸ್ ತಲೆಯೆತ್ತಿತು. ಅಲ್ಲಿನ ಬಿಳಿ ವೈನ್ ಸೋವಿನ್ಯೊಂ ಬ್ಲಾಂ ತಳಿಯದು. ಹದಿನೈದು ಡಿಗ್ರಿ ಅಕ್ಷಾಂಶದಲ್ಲಿ ಒಳ್ಳೆಯ ಬಿಳಿ ವೈನ್ ಅಸಾಧ್ಯವೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸೆಕೆಯಲ್ಲಿ ಮಾಗುವ ಹಣ್ಣು ತನ್ನ ಮ್ಯಾಲಿಕ್ ಆಮ್ಲವನ್ನು ಬೇಗ ಕಳೆದುಕೊಳ್ಳುತ್ತದೆ, ಸಕ್ಕರೆ ಏರುತ್ತದೆ. ಹುಳಿಯಿಲ್ಲದ ಬಿಳಿ ವೈನ್ ಸಪ್ಪೆ. ಇದಕ್ಕೆ ಉತ್ತರವಿರುವುದು ಚಾಟ್ನಿಯಲ್ಲಿ, ಅಂದರೆ ಬಳ್ಳಿ ಸವರುವ ಕ್ರಮದಲ್ಲಿ. ಹಿಮ ಬೀಳುವ ನಾಡಿನಲ್ಲಿ ಬಳ್ಳಿ ಚಳಿಗಾಲ ನಿದ್ರಿಸುತ್ತದೆ. ಇಲ್ಲಿ ಅದಕ್ಕೆ ನಿದ್ರೆಯೇ ಇಲ್ಲ. ಆದ್ದರಿಂದ ಏಪ್ರಿಲ್‌ನಲ್ಲಿ ಒಮ್ಮೆ ಸವರಿ ಹೊಸ ಕಡ್ಡಿ ಬೆಳೆಸುತ್ತಾರೆ. ಮಳೆ ಮುಗಿದ ಮೇಲೆ, ಅಕ್ಟೋಬರ್ ಹೊತ್ತಿಗೆ, ಆ ಕಡ್ಡಿಗಳನ್ನು ಕೆಲವೇ ಕಣ್ಣು ಉಳಿಯುವಂತೆ ಕತ್ತರಿಸಿ, ಕಣ್ಣೊಡೆಯಲು ಔಷಧಿ ಹಚ್ಚುತ್ತಾರೆ. ಕಾಯಿ ಬಲಿಯುವುದು ರಾತ್ರಿಗಳು ತಂಪಾಗಿರುವ ತಿಂಗಳುಗಳಲ್ಲಿ. ಕೊಯ್ಲು ಬೇಸಿಗೆ ಏರುವ ಮುನ್ನ. ಹೀಗೆ ಹಣ್ಣಿನ ಹುಳಿ ಬಹುಮಟ್ಟಿಗೆ ಉಳಿಯುತ್ತದೆ. ಹಿಂಡಿದ ರಸವನ್ನು ಸಿಪ್ಪೆಯಿಂದ ಬೇರ್ಪಡಿಸಿ ಉಕ್ಕಿನ ತೊಟ್ಟಿಗಳಲ್ಲಿ ತಂಪಾಗಿಟ್ಟು ಹುದುಗಿಸುವುದು ಮುಂದಿನ ಕೆಲಸ. ಪ್ರಕೃತಿಯನ್ನು ಮೀರುವ ಸಾಹಸ ಇದಲ್ಲ. ಮಳೆ, ಬಿಸಿಲು, ಚಳಿಗಳ ಲೆಕ್ಕ ಬಲ್ಲ ಒಕ್ಕಲುತನ.

ನಮ್ಮ ಖಾರದ ಊಟಕ್ಕೆ ವೈನ್ ಹೊಂದದು ಎಂಬುದು ಇನ್ನೊಂದು ಆಕ್ಷೇಪ. ಕೆಂಪು ವೈನಿನ ಮಟ್ಟಿಗೆ ಇದು ಹೆಚ್ಚುಕಡಿಮೆ ನಿಜ: ಅದರ ಒಗರು ಖಾರದೊಂದಿಗೆ ಸೇರಿ ಬಾಯಿ ಇನ್ನಷ್ಟು ಉರಿಯುತ್ತದೆ, ಮದ್ಯಸಾರ ಏರಿದಷ್ಟೂ ಉರಿ ಹೆಚ್ಚು. ಬಿಳಿ ವೈನಿನಲ್ಲಿ ಒಗರು ತೀರ ಕಡಿಮೆ. ಸೋವಿನ್ಯೊಂ ಬ್ಲಾಂನ ಹಸಿರು ವಾಸನೆಗೆ ಕಾರಣವಾದ ಪೈರಜೀನ್‌ಗಳು ದೊಣ್ಣೆ ಮೆಣಸಿನಕಾಯಲ್ಲೂ ಇವೆ. ಹೊಸಪೇಟೆ, ಸಂಡೂರುಗಳಲ್ಲಿ ಮಂಡಕ್ಕಿ ಒಗ್ಗರಣೆಯ ಜೊತೆ ಕೊಡುವ ಮಿರ್ಚಿಗೆ ಅದು ಒಗ್ಗುವುದು ಆಕಸ್ಮಿಕವಲ್ಲ. ಕಡಲೆ ಹಿಟ್ಟು ಹೀರಿದ ಎಣ್ಣೆಯ ಜಿಡ್ಡನ್ನು ವೈನಿನ ಹುಳಿ ಕತ್ತರಿಸುತ್ತದೆ. ಹುರಿದ ಹೊಳೆ ಮೀನಿಗೂ ಇದೇ ನ್ಯಾಯ. ಪುಂಡಿಪಲ್ಯದ ಮುಂದೆ ಮಾತ್ರ ಎಚ್ಚರ ಬೇಕು: ತಿನಿಸಿನ ಹುಳಿ ಹೆಚ್ಚಾದರೆ ವೈನ್ ನೀರಾಗಿ ತೋರುತ್ತದೆ. ಶೇಂಗಾ ಹಿಂಡಿ, ಎಣ್ಣೆಗಾಯಿ, ಜೋಳದ ರೊಟ್ಟಿಯ ಊಟಕ್ಕೆ ತುಸು ಸಿಹಿ ಉಳಿಸಿದ, ಶೆನಿನ್ ಬ್ಲಾಂ ತಳಿಯ ಬಿಳಿ ವೈನ್ ಲೇಸು, ಆ ಸಿಹಿ ಖಾರವನ್ನು ತಗ್ಗಿಸುತ್ತದೆ. ಹೋಳಿಗೆಗೆ ಸಿಹಿ ಉಳಿಸದ ಬಿಳಿ ವೈನ್ ಸಲ್ಲದು, ಬೆಲ್ಲದ ಪಕ್ಕದಲ್ಲಿ ಅದು ಬರಿಯ ಹುಳಿಯಾಗಿ ಉಳಿಯುತ್ತದೆ. ಅಲ್ಲಿ ಬಳ್ಳಿಯಲ್ಲೇ ಹೆಚ್ಚು ದಿನ ಬಿಟ್ಟು ಕೊಯ್ದ ಹಣ್ಣಿನ ಸಿಹಿ ವೈನ್ ಬೇಕು.