ಸೆರೆಯ ಹಡಗು ಮತ್ತು ಶ್ರೀರಂಗಪಟ್ಟಣದ ಸೆರೆಯಾಳು

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ವೀರಗಲ್ಲುಗಳನ್ನು ನೋಡುತ್ತ ಬೆಳೆದವರಿಗೆ ತುರುಗೋಳ್ ಎಂಬ ಮಾತು ಹೊಸದಲ್ಲ. ಹಗೆಯ ದನಗಳನ್ನು ಹಿಡಿದು ತನ್ನ ಹಿಂಡಿಗೆ ಸೇರಿಸಿಕೊಳ್ಳುವುದು ಹಿಂದಿನ ಯುದ್ಧದ ಒಂದು ಕ್ರಮ. ಹಾಯಿಹಡಗುಗಳ ಕಾಲದಲ್ಲಿ ಕಡಲ ಮೇಲೂ ಇದೇ ನಡೆಯುತ್ತಿತ್ತು. ಯುದ್ಧನೌಕೆಯೊಂದನ್ನು ಕಟ್ಟಲು ಅಪಾರವಾದ ಮರವೂ ವರ್ಷಗಟ್ಟಲೆಯ ದುಡಿಮೆಯೂ ಬೇಕಾಗಿದ್ದುದರಿಂದ, ಎದುರಾಳಿಯ ಹಡಗನ್ನು ಮುಳುಗಿಸುವುದಕ್ಕಿಂತ ಹಿಡಿದು ಧ್ವಜ ಬದಲಿಸಿ ಬಳಸಿಕೊಳ್ಳುವುದೇ ಲಾಭವಾಗಿತ್ತು. ಅಂಥ ಒಂದು ಹಡಗಿನ ಕಥೆ ಕಡಲಿನಿಂದ ಬಹು ದೂರದ ಶ್ರೀರಂಗಪಟ್ಟಣದವರೆಗೆ ಬಂದಿದೆ.

ಎರಡನೆಯ ಮೈಸೂರು ಯುದ್ಧದ ನಡುವೆ, 1782ರ ಜನವರಿಯಲ್ಲಿ, ಇಂಗ್ಲಿಷರ 50 ತೋಪುಗಳ ‘ಹ್ಯಾನಿಬಲ್’ ಸುಮಾತ್ರಾ ಕಡೆಯ ಸಮುದ್ರದಲ್ಲಿ ಫ್ರೆಂಚರ ಕೈಸೇರಿತು. ಹೈದರಾಲಿಗೆ ನೆರವಾಗಲು ಹೊರಟಿದ್ದ ಆ ನೌಕಾಬಲದಲ್ಲಿ ‘ಅನಿಬಾಲ್’ ಎಂಬ ಹೆಸರಿನ 74 ತೋಪುಗಳ ಹಡಗು ಮೊದಲೇ ಇತ್ತು. ಆದ್ದರಿಂದ ಸೆರೆಸಿಕ್ಕಿದ್ದು ‘ಚಿಕ್ಕ ಅನಿಬಾಲ್’ ಆಯಿತು! ತಿಂಗಳು ಕಳೆಯುವಷ್ಟರಲ್ಲಿ, ಫೆಬ್ರವರಿ 17ರಂದು, ಮದರಾಸಿನ ದಕ್ಷಿಣಕ್ಕಿರುವ ಸದ್ರಾಸಿನ ಕಾಳಗದಲ್ಲಿ ಅದು ಇಂಗ್ಲಿಷರ ಎದುರಿಗೇ ನಿಂತಿತು. ಫ್ರೆಂಚ್ ಸೇನಾನಿ ಸುಫ್ರೆನ್‌ಗೆ ಈ ತೀರದಲ್ಲಿ ಹಡಗು ದುರಸ್ತಿಗೆ ತಕ್ಕ ಬಂದರಿರಲಿಲ್ಲ. ಹತ್ತಿರದ ಫ್ರೆಂಚ್ ನೆಲೆಯೆಂದರೆ ದೂರದ ಮಾರಿಷಸ್. ಹೀಗಾಗಿ ಸೆರೆಯ ಹಡಗು ಅವನಿಗೆ ಬಹಳ ಬೆಲೆಯುಳ್ಳದ್ದು.

ಹಡಗು ಬೇಕಾಗಿತ್ತು, ಅದರ ಜನ ಬೇಕಾಗಿರಲಿಲ್ಲ. ಸೆರೆಯಾಳುಗಳಿಗೆ ಉಣಿಸಲು ಧಾನ್ಯವಿಲ್ಲ. ಅವರ ವಿನಿಮಯಕ್ಕೆ ಮದರಾಸಿನ ಇಂಗ್ಲಿಷರು ಒಪ್ಪಲಿಲ್ಲ. ಕೊನೆಗೆ ಸುಫ್ರೆನ್ ಸುಮಾರು 500 ಮಂದಿಯನ್ನು ಕಡಲೂರಿನಲ್ಲಿ ಹೈದರನಿಗೆ ಒಪ್ಪಿಸಿದನು. ಅವನ ನೌಕಾಕೌಶಲವನ್ನು ಕೊಂಡಾಡುವವರು ಈ ಸಂಗತಿಯನ್ನು ಬೇಗ ದಾಟಿಹೋಗುತ್ತಾರೆ. ಧಾನ್ಯದ ಲೆಕ್ಕ ಅವನನ್ನು ಒತ್ತಿತ್ತೆಂಬುದು ನಿಜ, ಆದರೂ ಇದನ್ನು ಕ್ಷಮಿಸುವುದು ನನಗೆ ಕಷ್ಟ.

ಆ ಗುಂಪಿನಲ್ಲಿ ಹ್ಯಾನಿಬಲ್ಲಿನ ಹುಡುಗ ಜೇಮ್ಸ್ ಸ್ಕರಿ ಇದ್ದನು. ಶ್ರೀರಂಗಪಟ್ಟಣದಲ್ಲಿ ತನ್ನಂಥ ಹುಡುಗರನ್ನು ಬೇರ್ಪಡಿಸಿ, ಮತ ಬದಲಿಸಿ, ಚೇಲಾ ಪಡೆಗೆ ಸೇರಿಸಿದರೆಂದು ಅವನು ಬರೆದಿದ್ದಾನೆ. ಹಡಗಿಗೆ ಆದದ್ದೇ ಹುಡುಗನಿಗೂ ಆಯಿತು: ಹೊಸ ಹೆಸರು, ಹೊಸ ಒಡೆಯ, ತನ್ನವರ ವಿರುದ್ಧವೇ ಸೇವೆ. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಿಂದಲೂ ಅವನಿಗೆ ಬಿಡುಗಡೆ ದೊರೆಯಲಿಲ್ಲ. ಸೆರೆ ಹತ್ತು ವರ್ಷ ನಡೆಯಿತು; ಇಲ್ಲಿಯೇ ಅವನಿಗೆ ಮದುವೆಯೂ ಆಗಿತ್ತು.

ಅವನ ಪುಸ್ತಕ 1824ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಟಿಪ್ಪುವಿನ ಸೆರೆಯಾಳುಗಳ ಕಥನಗಳಿಗೆ ಅಲ್ಲಿ ಒಳ್ಳೆಯ ಗಿರಾಕಿಯಿತ್ತು. ಹಾಗಾಗಿ ಪ್ರತಿಯೊಂದು ಮಾತನ್ನೂ ತೂಗಿ ಓದಬೇಕು. ಆದರೆ ಮರಳಿದ ಮೇಲಿನ ಸ್ಥಿತಿಯನ್ನು ಹೇಳುವ ಭಾಗವನ್ನು ನಾನು ಸಂಶಯಿಸಲಾರೆ. ಕುರ್ಚಿಯ ಮೇಲೆ ಕೂರುವುದು, ಚಾಕು-ಮುಳ್ಳುಚಮಚ ಹಿಡಿದು ಉಣ್ಣುವುದು ಅವನಿಗೆ ಒಗ್ಗಲಿಲ್ಲ. ಬಿಸಿಲಿಗೆ ಮೈಬಣ್ಣ ಕಪ್ಪಾಗಿತ್ತು. ತಾಯ್ನುಡಿಯಾದ ಇಂಗ್ಲಿಷು ಬಾಯಲ್ಲಿ ತುಂಡುತುಂಡಾಗಿ ಬರುತ್ತಿತ್ತು. ಅದರ ಸಹಜವಾದ ಜಾಯಮಾನವೇ ಅವನಿಗೆ ಮರೆತುಹೋಗಿತ್ತು.