ಸ್ವಿಚ್ಚು ಯಾರ ಕೈಯಲ್ಲಿ?

ದೋಷವಿಲ್ಲದ ಆದರ್ಶ ರಾಜ್ಯವೊಂದನ್ನು ಕಲ್ಪಿಸಿಕೊಂಡು ಇಂಗ್ಲೆಂಡಿನ ಥಾಮಸ್ ಮೋರ್ 1516ರಲ್ಲಿ ‘ಯುಟೋಪಿಯ’ ಎಂಬ ಗ್ರಂಥವನ್ನು ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದ ಕೆಲವು ಲೇಖಕರು ಇದಕ್ಕೆ ತದ್ವಿರುದ್ಧವಾದ ರಾಜ್ಯಗಳನ್ನು ಚಿತ್ರಿಸಿದರು. ಅಲ್ಲಿ ಹಸಿವು, ರೋಗಗಳು ಇಲ್ಲದಿರಬಹುದು. ಆದರೆ ಎಲ್ಲರೂ ಒಂದೇ ರೀತಿ ಯೋಚಿಸಬೇಕು, ಒಂದೇ ರೀತಿ ನಲಿಯಬೇಕು. ಇಂಥ ಕೃತಿಗಳನ್ನು ‘ಡಿಸ್ಟೋಪಿಯ’ ಎಂದು ಕರೆಯುತ್ತಾರೆ. ಇವುಗಳಲ್ಲಿ ಸೈನ್ಯ, ಸೆರೆಮನೆಗಳಿಗಿಂತ ಹೆಚ್ಚಿನ ಕೆಲಸ ಮಾಡುವುದು ಕೋಣೆಯಲ್ಲಿ, ಕೈಯಲ್ಲಿ, ಕಿವಿಯಲ್ಲಿ ಇರುವ ಸಣ್ಣ ಸಾಧನಗಳು. ಅವುಗಳ ಪಾತ್ರವೇನೆಂಬುದನ್ನು ಕಾಲಾನುಕ್ರಮದಲ್ಲಿ ನೋಡೋಣ.

ಈ ಬಗೆಯ ಆರಂಭದ ಕಥೆಗಳಲ್ಲಿ ಇ. ಎಂ. ಫಾರ್ಸ್ಟರ್ ಅವರ ‘ದಿ ಮಷೀನ್ ಸ್ಟಾಪ್ಸ್’ (1909) ಗಮನಾರ್ಹವಾದುದು. ಮನೆಮನೆಗೆ ರೇಡಿಯೋ ಬಂದಿರದ ಕಾಲವದು. ಕಥೆಯಲ್ಲಿ ಮನುಷ್ಯರು ನೆಲದಡಿಯಲ್ಲಿ, ಜೇನುಗೂಡಿನ ಕೋಶದಂಥ ಆರು ಮೂಲೆಯ ಕೋಣೆಗಳಲ್ಲಿ ಒಬ್ಬೊಬ್ಬರೇ ವಾಸಿಸುತ್ತಾರೆ. ಊಟ, ಸ್ನಾನ, ಸಂಗೀತ ಎಲ್ಲಕ್ಕೂ ಒಂದೊಂದು ಗುಂಡಿ. ವಾಷ್ಟಿ ಎಂಬ ತಾಯಿ ತನ್ನ ಕೈಯಲ್ಲಿನ ದುಂಡು ತಟ್ಟೆಯಲ್ಲಿ, ಭೂಮಿಯ ಇನ್ನೊಂದು ಬದಿಯಲ್ಲಿರುವ ಮಗ ಕುನೋನನ್ನು ನೋಡಿ ಮಾತನಾಡುತ್ತಾಳೆ. ಯಂತ್ರದ ಮೂಲಕವಲ್ಲದೆ ಎದುರಿಗೇ ಬಂದು ನೋಡಬೇಕೆಂಬುದು ಮಗನ ಕೋರಿಕೆ. ತಾಯಿಗೆ ಅದು ಬೇಡದ ತೊಂದರೆ. ಆಕೆಯ ಕೋಣೆಯಲ್ಲಿ ಹೊರಗಿನ ಸಂಪರ್ಕವನ್ನು ಕಡಿಯುವ ಸ್ವಿಚ್ಚೂ ಇದೆ. ಆದರೆ ಮೂರು ನಿಮಿಷ ಅದನ್ನು ಬಳಸಿ ಮತ್ತೆ ಸಂಪರ್ಕ ತೆರೆದರೆ ಕರೆಗಳ, ಪ್ರಶ್ನೆಗಳ ಸುರಿಮಳೆ! ಏಕಾಂತ ಸಾಧ್ಯವಿದ್ದರೂ ಅದನ್ನು ಬಯಸುವ ಮನಸ್ಸೇ ಬತ್ತಿಹೋಗಿದೆ.

ರಷ್ಯದ ಯೆವ್ಗೆನಿ ಜಾಮ್ಯಾಟಿನ್ ಹಡಗು ನಿರ್ಮಾಣದ ಇಂಜಿನಿಯರ್ ಆಗಿದ್ದವರು. ಅವರ ‘ವಿ’ (ಅಂದರೆ ‘ನಾವು’) ಕಾದಂಬರಿ 1924ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಯಿತು. ಸೋವಿಯತ್ ಒಕ್ಕೂಟದಲ್ಲಿ ಅದು ಬೆಳಕು ಕಂಡದ್ದು 1988ರಲ್ಲಿ. ಅಲ್ಲಿನ ಪ್ರಜೆಗಳಿಗೆ ಹೆಸರಿಲ್ಲ, ಸಂಖ್ಯೆಗಳಿವೆ. ಮನೆಯ ಗೋಡೆಗಳು ಗಾಜಿನವು. ಆಲ್ಡಸ್ ಹಕ್ಸ್‌ಲಿ ಅವರ ‘ಬ್ರೇವ್ ನ್ಯೂ ವರ್ಲ್ಡ್’ (1932) ಕಾದಂಬರಿಯಲ್ಲಿ ಮಲಗಿದ ಮಕ್ಕಳ ದಿಂಬಿನ ಕೆಳಗಿನಿಂದ ಬರುವ ಪಿಸುದನಿ ಒಂದೇ ಪಾಠವನ್ನು ಮತ್ತೆ ಮತ್ತೆ ಹೇಳುತ್ತದೆ. ಬೇಕು, ಬೇಡ ಎನ್ನುವ ವಯಸ್ಸು ಬರುವ ಮೊದಲೇ ಅವರ ಬೇಕು–ಬೇಡಗಳು ನಿರ್ಧಾರವಾಗಿರುತ್ತವೆ.

ಜಾರ್ಜ್ ಆರ್ವೆಲ್ ಹುಟ್ಟಿದ್ದು ಬಿಹಾರದ ಮೋತಿಹಾರಿಯಲ್ಲಿ, 1903ರಲ್ಲಿ. 1941ರಿಂದ 1943ರವರೆಗೆ ಅವರು ಬಿ.ಬಿ.ಸಿ.ಯಲ್ಲಿದ್ದು ಭಾರತದ ಶ್ರೋತೃಗಳಿಗಾಗಿ ಕಾರ್ಯಕ್ರಮಗಳನ್ನು ಸಿದ್ಧಪಡಿಸುತ್ತಿದ್ದರು. ಯುದ್ಧದ ಕಾರಣ ನಿಂತಿದ್ದ ಬಿ.ಬಿ.ಸಿ.ಯ ಟೆಲಿವಿಷನ್ ಪ್ರಸಾರ 1946ರಲ್ಲಿ ಪುನಃ ಆರಂಭವಾಯಿತು. 1949ರಲ್ಲಿ ಪ್ರಕಟವಾದ ‘ನೈನ್‌ಟೀನ್ ಎಯ್ಟಿಫೋರ್’ ಕಾದಂಬರಿಯ ‘ಟೆಲಿಸ್ಕ್ರೀನ್’ ನಾವು ಅದನ್ನು ನೋಡುವಾಗ ತಾನೂ ನಮ್ಮನ್ನು ನೋಡುತ್ತದೆ. ಅದರ ದನಿಯನ್ನು ತಗ್ಗಿಸಬಹುದು, ಪೂರ್ತಿಯಾಗಿ ಆರಿಸುವಂತಿಲ್ಲ. ಆದರೆ ಪಕ್ಷದ ಒಳವಲಯದ ಓಬ್ರಿಯನ್ ತನ್ನ ಮನೆಯಲ್ಲಿ ಅದನ್ನು ಆರಿಸಿದಾಗ ಕಥಾನಾಯಕ ವಿನ್‌ಸ್ಟನ್ ಬೆರಗಾಗುತ್ತಾನೆ. ಆರಿಸುವ ಸೌಲಭ್ಯವೇ ಅಲ್ಲಿ ಅಧಿಕಾರದ ಗುರುತು! ವಿನ್‌ಸ್ಟನ್‌ನ ಬಳಿ ಇರುವುದು ಹಳೆಯ ಕಾಲದ ಲೇಖನಿ, ಒಂದು ನೋಟುಪುಸ್ತಕ ಮತ್ತು ಟೆಲಿಸ್ಕ್ರೀನಿನ ಕಣ್ಣಿಗೆ ಬೀಳದ ಒಂದು ಮೂಲೆ. ಅಲ್ಲಿ ಕುಳಿತು ದಿನಚರಿ ಬರೆಯುವುದೇ ಅವನ ಮೊದಲ ಬಂಡಾಯ.

ಅಮೆರಿಕದ ರೇ ಬ್ರಾಡ್‌ಬರಿ ‘ಫ್ಯಾರನ್‌ಹೀಟ್ 451’ ಕಾದಂಬರಿಯನ್ನು 1953ರಲ್ಲಿ ಪ್ರಕಟಿಸಿದರು. ಕಿಸೆಯಲ್ಲಿಡುವ ಟ್ರಾನ್ಸಿಸ್ಟರ್ ರೇಡಿಯೋ ಮಾರುಕಟ್ಟೆಗೆ ಬಂದದ್ದು ಮರುವರ್ಷ. ಈ ಕಾದಂಬರಿಯಲ್ಲಿ ಪುಸ್ತಕಗಳನ್ನು ಸುಡುವುದೇ ಮಾಂಟ್ಯಾಗ್‌ನ ಉದ್ಯೋಗ. ಅವನ ಹೆಂಡತಿ ಮಿಲ್ಡ್ರೆಡ್ ಕಿವಿಯಲ್ಲಿ ಚಿಪ್ಪಿನಂಥ ಪುಟ್ಟ ರೇಡಿಯೋ ಇಟ್ಟುಕೊಂಡೇ ಹತ್ತು ವರ್ಷ ಕಳೆದಿದ್ದಾಳೆ; ಗಂಡನ ಮಾತನ್ನು ತುಟಿಯ ಚಲನೆಯಿಂದಲೇ ತಿಳಿಯುತ್ತಾಳೆ. ಕೋಣೆಯ ಮೂರು ಗೋಡೆಗಳು ಈಗಾಗಲೇ ಟೆಲಿವಿಷನ್ ಆಗಿವೆ. ನಾಲ್ಕನೆಯದೂ ಬೇಕೆಂದು ಅವಳ ಹಟ. ಅದರ ಬೆಲೆ ಗಂಡನ ವಾರ್ಷಿಕ ಸಂಬಳದ ಮೂರನೆಯ ಒಂದು ಭಾಗ. ಇದನ್ನೆಲ್ಲ ಸರ್ಕಾರ ಬಲವಂತವಾಗಿ ಹೇರಿದ್ದಲ್ಲ, ಜನರೇ ಓದುವುದನ್ನು ಬಿಟ್ಟರು ಎಂದು ಮಾಂಟ್ಯಾಗ್‌ನ ಮೇಲಧಿಕಾರಿ ವಿವರಿಸುತ್ತಾನೆ. ಮುಂದೆ ಫೇಬರ್ ಎಂಬ ನಿವೃತ್ತ ಪ್ರಾಧ್ಯಾಪಕ ತಾನೇ ತಯಾರಿಸಿದ ಸಾಧನವೊಂದನ್ನು ಮಾಂಟ್ಯಾಗ್‌ನ ಕಿವಿಗೂ ಇಡುತ್ತಾನೆ. ಆಗ ಮಾಂಟ್ಯಾಗ್‌ಗೆ ಒಂದು ಸಂಶಯ: ಇದು ಒಬ್ಬರ ದನಿಯನ್ನು ಬಿಟ್ಟು ಇನ್ನೊಬ್ಬರ ದನಿಯಂತೆ ನಡೆದಂತಾಗಲಿಲ್ಲವೇ? ಹಾಗೆ ಕೇಳಿಕೊಳ್ಳುವುದೇ ವಿವೇಕದ ಆರಂಭ ಎಂಬುದು ಫೇಬರ್‌ನ ಅಭಿಪ್ರಾಯ.

ಇವೆಲ್ಲ ಬರಿಯ ಕಲ್ಪನೆಗಳೆಂದು ತಳ್ಳಿಹಾಕುವಂತಿಲ್ಲ. ಜರ್ಮನಿಯ ನಾಜಿ ಸರ್ಕಾರ 1933ರಲ್ಲಿ 76 ಮಾರ್ಕ್ ಬೆಲೆಯ ‘ಜನತಾ ರೇಡಿಯೋ’ವನ್ನು ಮಾರುಕಟ್ಟೆಗೆ ತಂದಿತು, ಪ್ರಚಾರವನ್ನು ಮನೆಮನೆಗೆ ಮುಟ್ಟಿಸುವುದು ಅದರ ಉದ್ದೇಶ. 1939ರಲ್ಲಿ ಯುದ್ಧ ಆರಂಭವಾದಾಗ ವಿದೇಶಿ ಕೇಂದ್ರಗಳನ್ನು ಕೇಳುವುದನ್ನೇ ಅಪರಾಧವನ್ನಾಗಿ ಮಾಡಿತು. ರುಮೇನಿಯದ ಸರ್ಕಾರ 1983ರಲ್ಲಿ ಬೆರಳಚ್ಚು ಯಂತ್ರವುಳ್ಳವರೆಲ್ಲ ಪೊಲೀಸರಲ್ಲಿ ನೋಂದಾಯಿಸಿ, ಅದರ ಅಕ್ಷರಗಳ ಮಾದರಿಯನ್ನೂ ಒಪ್ಪಿಸಬೇಕೆಂದು ಆಜ್ಞೆ ಮಾಡಿತು. ಕೇಳಿಸುವ ಯಂತ್ರವನ್ನು ಅಗ್ಗವಾಗಿ ಹಂಚಿದ ಪ್ರಭುತ್ವ ಒಂದು. ಬರೆಯುವ ಯಂತ್ರಕ್ಕೆ ಹೆದರಿದ ಪ್ರಭುತ್ವ ಇನ್ನೊಂದು.

ಆದ್ದರಿಂದ ಈ ಲೇಖಕರನ್ನು ಯಂತ್ರದ್ವೇಷಿಗಳೆನ್ನುವುದು ಸರಿಯಲ್ಲ. ಲೇಖನಿಯೂ ಒಂದು ಸಾಧನವೇ. ಸ್ವಿಚ್ಚನ್ನು ಕಳೆದುಕೊಳ್ಳುವ ಬಗೆಗಳು ಎರಡು ಎಂದು ಅವರು ತೋರಿಸಿದರು: ಆರ್ವೆಲ್‌ರ ರಾಜ್ಯದಲ್ಲಿ ಅದನ್ನು ಕಸಿದುಕೊಳ್ಳುತ್ತಾರೆ, ಫಾರ್ಸ್ಟರ್, ಬ್ರಾಡ್‌ಬರಿ ಅವರ ರಾಜ್ಯಗಳಲ್ಲಿ ಜನರೇ ಮರೆತುಬಿಡುತ್ತಾರೆ. ಮೊದಲನೆಯದನ್ನು ತಡೆಯಲು ಕಾನೂನು, ಸಂವಿಧಾನಗಳು ಬೇಕು. ಎರಡನೆಯದಕ್ಕೆ ಅವು ಸಾಲವು. ವಿದ್ಯಾರ್ಥಿಗಳು ಈ ಕೃತಿಗಳನ್ನು ಓದುವಾಗ, ತಮ್ಮ ಕೈಯಲ್ಲಿನ ಫೋನನ್ನು ನೋಡುವಾಗಲೂ, ಕೆಲವು ಪ್ರಶ್ನೆಗಳನ್ನು ಹಾಕಿಕೊಳ್ಳಬಹುದು. ಇದನ್ನು ಆರಿಸಲು ನನಗೆ ಸಾಧ್ಯವೇ? ಸಾಧ್ಯವಿದ್ದರೆ ಕೊನೆಯ ಬಾರಿ ಆರಿಸಿದ್ದು ಯಾವಾಗ? ಆರಿಸಿದ ಮೇಲೆ ಉಳಿದ ಆ ಹೊತ್ತಿನಲ್ಲಿ ನಾನು ಏನು ಯೋಚಿಸಿದೆ?