ಎಲೆಯಡಿಕೆ ಜಗಿತ ಮತ್ತು ಬಾಯಿಯ ಕ್ಯಾನ್ಸರ್

ವೀಳ್ಯದೆಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪುಗಳನ್ನು ಜಗಿಯುವ ಅಭ್ಯಾಸಕ್ಕೂ ಬಾಯಿಯ ಕ್ಯಾನ್ಸರಿಗೂ ಇರುವ ಸಂಬಂಧ. ಬಂಟ್ವಾಳ ತಾಲೂಕಿನ ಪುಂಜಾಲಕಟ್ಟೆ, ನೆರೆಯ ಬೆಳ್ತಂಗಡಿ ಮತ್ತು ಮೂಡುಬಿದಿರೆ ಪ್ರದೇಶಗಳಲ್ಲಿ ಅಡಿಕೆ ಮುಖ್ಯ ಬೆಳೆ. ಬಂದವರ ಮುಂದೆ ಎಲೆಯಡಿಕೆಯ ಹರಿವಾಣ ಇಡುವುದು ಇಲ್ಲಿನ ಮರ್ಯಾದೆ.

ಕಾರಣ: ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ 85ನೆಯ ಸಂಪುಟದಲ್ಲಿ ಅಡಿಕೆಯನ್ನೂ, ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ ಮಾನವರಲ್ಲಿ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಅಡಿಕೆಯ ಅರೆಕೋಲಿನ್ ಕೆನ್ನೆಯ ಒಳಪದರದಲ್ಲಿ ನಾರಿನಂಶ ಹೆಚ್ಚಿಸುತ್ತದೆ. ಖಾರ ತಿಂದರೆ ಉರಿ, ಬರಬರುತ್ತಾ ಬಾಯಿ ಅಗಲಿಸಲು ಕಷ್ಟ; ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಈ ಸ್ಥಿತಿ ಕ್ಯಾನ್ಸರಿಗೆ ತಿರುಗಬಹುದು. ಹೊಗೆಸೊಪ್ಪು, ಬೀಡಿ, ಮದ್ಯ ಜತೆಗೂಡಿದರೆ ಅಪಾಯ ಇನ್ನಷ್ಟು ಏರುತ್ತದೆ.

ತಡೆ: ಜಗಿಯುವುದನ್ನು ಪೂರ್ತಿ ಬಿಡುವುದೇ ಮುಖ್ಯ ಉಪಾಯ. ದವಡೆಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಮಲಗುವುದು ವಿಶೇಷವಾಗಿ ಹಾನಿಕರ. ಹರಿವೆ, ಬಸಳೆ, ತೊಂಡೆ, ಪಪ್ಪಾಯಿಯಂಥ ಸೊಪ್ಪು, ತರಕಾರಿ, ಹಣ್ಣುಗಳು ನಿತ್ಯದ ಊಟದಲ್ಲಿರುವುದು ಒಳ್ಳೆಯದು. ದಿನಕ್ಕೆ ಕನಿಷ್ಠ 400 ಗ್ರಾಂ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಆದರೆ ಜಗಿತದ ಹಾನಿಯನ್ನು ಆಹಾರ ಅಳಿಸಲಾರದು. ಕರ್ನಾಟಕದಲ್ಲಿ ಗುಟ್ಕಾ ಮಾರಾಟಕ್ಕೆ 2013ರಲ್ಲಿ ನಿಷೇಧ ಬಂದಿತು.

ತಪಾಸಣೆ: ಬಾಯಿಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು–ಮೂರು ವಾರವಾದರೂ ಮಾಯದ ಹುಣ್ಣು, ಗಂಟು ಕಂಡರೆ ದಂತವೈದ್ಯರಿಗೆ ತೋರಿಸಬೇಕು. 30 ದಾಟಿದವರ ಬಾಯಿ ಪರೀಕ್ಷೆ ಸರಕಾರದ ಅಸಾಂಕ್ರಾಮಿಕ ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಸೇರಿದೆ.